ಅಳುವವರ ಬಾಯಿಗೆ ವಚನ ತುರುಕಬೇಡಿ



ನಮ್ಮ ಲೈನುಗಳ ಪ್ರಾರ್ಥನಾ ಕೂಟಗಳಲ್ಲಿ ಒಂದು ಮಾತು ಬಹಳ ವರ್ಷಗಳಿಂದ ಓಡಾಡುತ್ತಿದೆ. ವಿಶ್ವಾಸವಿದ್ದವರ ಮನೆಯಲ್ಲಿ ದುಃಖ ನಿಲ್ಲುವುದಿಲ್ಲ, ನಿಂತರೆ ಅವರ ವಿಶ್ವಾಸದಲ್ಲಿ ಕೊರತೆಯಿದೆ ಎಂಬ ಮಾತು. ಗಂಡ ಸತ್ತು ಆರು ತಿಂಗಳಾದರೂ ಬೆಳಿಗ್ಗೆ ಎದ್ದು ಮಸ್ಟರಿಗೆ ಹೋಗಲಾರದ ಹೆಂಗಸಿಗೆ ಕೆಲವು ಹಿರಿಯರು ಇದನ್ನೇ ಹೇಳುತ್ತಾರೆ. ಪರೀಕ್ಷೆಯಲ್ಲಿ ಫೇಲಾಗಿ, ಅನ್ನ ಬಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದ ಹುಡುಗನಿಗೂ ಇದನ್ನೇ ಹೇಳುತ್ತಾರೆ. ಹೇಳಿ, ತಲೆಯ ಮೇಲೆ ಕೈಯಿಟ್ಟು, ಕೊಟ್ಟ ಚಹಾ ಕುಡಿದು, ಮುಂದಿನ ಮನೆಗೆ ನಡೆಯುತ್ತಾರೆ. ಆ ಮನೆಯಲ್ಲಿ ಆ ರಾತ್ರಿ ಏನಾಯಿತೆಂದು ವಿಚಾರಿಸುವವರು ಯಾರೂ ಇಲ್ಲ.

ಈ ಮಾತು ಸುಳ್ಳು ಎಂದು ನಾವು ಇಲ್ಲಿ ಬರೆಯುತ್ತಿದ್ದೇವೆ. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಇದು ಜೀವ ತೆಗೆಯುವ ಸುಳ್ಳು. ಪ್ರತಿ ಎಸ್ಟೇಟಿನಲ್ಲಿಯೂ ಆಪ್ತ ಸಮಾಲೋಚನೆಗೆ ಏರ್ಪಾಡಾಗಬೇಕು, ಅದಕ್ಕೆ ನಮ್ಮ ಸಭೆಗಳೂ ಕೈಗೂಡಿಸಬೇಕು ಎಂಬ ಮಾತು ಎದ್ದಾಗಲೆಲ್ಲ ಎದುರಾಗಿ ಬರುವ ಉತ್ತರಗಳು ನಮಗೆ ಬಾಯಿಪಾಠವಾಗಿವೆ. ಅದು ಪಟ್ಟಣದ ಸಾಹುಕಾರರ ಕಾಯಿಲೆ ಎನ್ನುತ್ತಾರೆ. ನಮ್ಮ ಹಿರಿಯರು ಇದಕ್ಕಿಂತ ದೊಡ್ಡ ಕಷ್ಟವನ್ನು ಬಾಯಿ ಬಿಡದೆ ಸಹಿಸಿದರು ಎನ್ನುತ್ತಾರೆ. ಕೊನೆಗೆ, ನಮಗೆ ಕರ್ತನಿದ್ದಾನೆ, ಮನುಷ್ಯನ ಮುಂದೆ ಯಾಕೆ ಅಳಬೇಕು ಎನ್ನುತ್ತಾರೆ.

ಮೊದಲು ಈ ಆಪ್ತ ಸಮಾಲೋಚನೆ ಎಂಬುದೇನು ಎಂದು ತಿಳಿಯೋಣ, ಯಾಕೆಂದರೆ ಹೆಸರು ಕೇಳಿಯೇ ಅರ್ಧ ಜನ ಹೆದರುತ್ತಾರೆ. ವಿಷಯ ಇಷ್ಟೇ. ಕಷ್ಟದಲ್ಲಿರುವವರು ತಮ್ಮ ಮನಸ್ಸಿನಲ್ಲಿರುವುದನ್ನು, ನಡುವೆ ಬಾಯಿ ಹಾಕುವವರಿಲ್ಲದೆ, ಹೊರಗೆ ಹೋದೀತೆಂಬ ಭಯವಿಲ್ಲದೆ, ಅದಕ್ಕಾಗಿಯೇ ತರಬೇತಿ ಪಡೆದ ಒಬ್ಬರ ಮುಂದೆ ಹೇಳಿಕೊಳ್ಳುವುದು. ಕೇಳುವವರು ಕೆಲವು ಪ್ರಶ್ನೆಗಳನ್ನು ಕೇಳುತ್ತಾರೆ. ನಿದ್ರೆ ಬರುತ್ತದೆಯೇ, ಊಟ ಸೇರುತ್ತದೆಯೇ, ಯಾವ ಹೊತ್ತಿನಲ್ಲಿ ಎದೆ ಹೆಚ್ಚು ಭಾರವಾಗುತ್ತದೆ, ಸಾಯಬೇಕೆಂಬ ಯೋಚನೆ ಬರುತ್ತದೆಯೇ. ಈ ಕೊನೆಯ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಹೆದರುವವರಿದ್ದಾರೆ. ಹಾಗೆ ಹುಟ್ಟುವುದಿಲ್ಲ; ಯಾರೂ ಕೇಳದ ಒಂದನ್ನು ಒಬ್ಬರಾದರೂ ಕೇಳಿದರಲ್ಲ ಎಂದು ಆ ಜೀವಕ್ಕೆ ಉಸಿರು ಬರುತ್ತದೆ. ಆಮೇಲೆ ಇಬ್ಬರೂ ಸೇರಿ ಆ ವಾರದಲ್ಲಿ ಆಗಬಹುದಾದ ಒಂದು ಸಣ್ಣ ಕೆಲಸವನ್ನು ಗೊತ್ತುಮಾಡುತ್ತಾರೆ. ಮಗಳಿಗೆ ತಲೆ ಬಾಚುವುದು, ನಲ್ಲಿಯ ತನಕ ಹೋಗಿ ನಾಲ್ಕು ಜನರೊಡನೆ ಮಾತಾಡಿ ಬರುವುದು, ತವರಿಗೆ ಒಂದು ಫೋನು ಮಾಡುವುದು. ಮುಂದಿನ ವಾರ ಮತ್ತೆ ಕೂರುತ್ತಾರೆ. ಆಗಲಿಲ್ಲವೆಂದರೆ ಬೈಯುವುದಿಲ್ಲ, ಯಾಕೆ ಆಗಲಿಲ್ಲವೆಂದು ನೋಡುತ್ತಾರೆ. ಇದರಲ್ಲಿ ಮಂತ್ರವೂ ಇಲ್ಲ, ಮಾಟವೂ ಇಲ್ಲ, ದೇವದ್ರೋಹವಂತೂ ಇಲ್ಲವೇ ಇಲ್ಲ.

ಕರ್ತನಿದ್ದಾನೆ, ಮನುಷ್ಯನ ಮುಂದೆ ಯಾಕೆ ಅಳಬೇಕು ಎನ್ನುವ ಹಿರಿಯರು ತಮ್ಮ ಕೈಯಲ್ಲಿರುವ ಸತ್ಯವೇದವನ್ನೇ ಇನ್ನೊಮ್ಮೆ ತೆರೆದು ನೋಡಲಿ. ಎಲೀಯನು ಯಾರು? ಕಾರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಯುವುದನ್ನು ಕಂಡ ಪ್ರವಾದಿ. ಅಂಥವನೇ ಈಜೆಬೆಲಳ ಬೆದರಿಕೆಗೆ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕೂತು, ನನ್ನ ಪ್ರಾಣ ತೆಗೆದುಬಿಡು ಎಂದು ಬೇಡಿದನು. ಆಗ ದೇವರು ಅವನಿಗೆ ಪ್ರಸಂಗ ಮಾಡಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಎಂದು ಕೇಳಲಿಲ್ಲ. ದೂತನು ಬಂದು ಮುಟ್ಟಿ ಎಬ್ಬಿಸಿದನು. ಕೆಂಡದ ಮೇಲೆ ಸುಟ್ಟ ರೊಟ್ಟಿ ಇತ್ತು, ತಂಬಿಗೆಯಲ್ಲಿ ನೀರಿತ್ತು. ತಿಂದು ಮಲಗಿದನು. ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದನು, ದಾರಿ ಬಹಳ ದೂರವಿದೆ ಎಂದನು. ಹೋರೇಬಿನಲ್ಲಿ ದೇವರು ಎಲೀಯನನ್ನು ಇಲ್ಲೇನು ಮಾಡುತ್ತಿದ್ದೀ ಎಂದು ಕೇಳಿ, ಅವನ ದೂರನ್ನು ಒಂದಲ್ಲ ಎರಡು ಸಲ ಪೂರ್ತಿಯಾಗಿ ಕೇಳಿಸಿಕೊಂಡನು. ಕೆಲಸ ಒಪ್ಪಿಸಿದ್ದು ಅದಾದ ಮೇಲೆ. ಊಟ, ನಿದ್ರೆ, ಕೇಳುವ ಕಿವಿ, ಆಮೇಲೆ ಮಾಡಲಾಗುವಂಥ ಕೆಲಸ. ತರಬೇತಾದ ಸಮಾಲೋಚಕರು ಇಂದು ಮಾಡುವುದು ಇದೇ ಕ್ರಮದಲ್ಲಿ ಅಲ್ಲವೇ?

ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದು ನಿನ್ನ ಪಾಪವೇ ಕಾರಣವೆಂದು ವಾದಿಸಲು ತೊಡಗಿದ ಮೇಲೆ ಕೆಟ್ಟರು, ಮತ್ತು ಪುಸ್ತಕದ ಕೊನೆಯಲ್ಲಿ ದೇವರ ಕೋಪ ಬಿದ್ದದ್ದು ಗೋಳಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಆ ಗೆಳೆಯರ ಮೇಲೆ. ಶೀಲೋವಿನಲ್ಲಿ ಹನ್ನಳು ತುಟಿ ಮಾತ್ರ ಅಲ್ಲಾಡಿಸುತ್ತಾ ಅಳುತ್ತಿದ್ದಾಗ ಯಾಜಕನಾದ ಏಲಿಯು ಅವಳನ್ನು ಕುಡಿದವಳೆಂದು ಗದರಿಸಿದನು. ಅವಳು ತನ್ನ ಮನಸ್ಸನ್ನು ಬಿಚ್ಚಿ ಹೇಳಿದಳು, ಅವನು ಕೇಳಿದನು, ಸಮಾಧಾನದಿಂದ ಹೋಗು ಎಂದನು. ಆಗ ಅವಳು ಹೋಗಿ ಊಟ ಮಾಡಿದಳು, ಮುಖದ ದುಃಖ ಹೋಯಿತು. ಗಮನಿಸಿರಿ, ಮಗು ಇನ್ನೂ ಹುಟ್ಟಿರಲಿಲ್ಲ. ಸ್ವತಃ ಯೇಸು ಸ್ವಾಮಿಯು ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದೂ ಸಮಾಧಿಯ ಬಳಿ ಕಣ್ಣೀರು ಬಿಟ್ಟನು. ಗೆತ್ಸೇಮನೆಯಲ್ಲಿ ಮೂವರು ಶಿಷ್ಯರನ್ನು ತನ್ನೊಡನೆ ಎಚ್ಚರವಾಗಿರಿ ಎಂದು ಕೇಳಿಕೊಂಡನು. ಅವರು ನಿದ್ರೆ ಹೋದರು. ದೇವರ ಮಗನೇ ತನ್ನ ಭಾರದ ಹೊತ್ತಿನಲ್ಲಿ ಮನುಷ್ಯರ ಜೊತೆಯನ್ನು ಕೇಳಿದ್ದರೆ, ತೋಟದ ಹೆಂಗಸೊಬ್ಬಳು ಕೇಳಿದಾಗ ಅದು ಹೇಗೆ ಅಪನಂಬಿಕೆಯಾಗುತ್ತದೆ?

ಇನ್ನು ಹಿರಿಯರು ಸಹಿಸಿದರು ಎಂಬ ಮಾತು. ಮೈಸೂರು ಸೀಮೆಯಿಂದ, ಕೊಳ್ಳೇಗಾಲ ಚಾಮರಾಜನಗರದ ಕಡೆಯಿಂದ ಘಟ್ಟ ದಾಟಿ ಬಂದವರು ಚಳಿಜ್ವರವನ್ನು, ಜಿಗಣೆಯನ್ನು, ಮೇಸ್ತ್ರಿಯ ಮುಂಗಡ ಸಾಲವನ್ನು, ದೊರೆಯ ಬೈಗುಳವನ್ನು ಸಹಿಸಿದ್ದು ನಿಜ. ಆದರೆ ಸಹಿಸಿದವರ ಮೊಮ್ಮಕ್ಕಳು ನಾವು ಉಳಿದಿದ್ದೇವೆ, ಆದಕಾರಣ ಅವರ ಕತೆ ಗೊತ್ತಿದೆ. ಸಹಿಸಲಾರದೆ ಹೋದವರ ಲೆಕ್ಕವನ್ನು ಯಾವ ಚೆಕ್‌ರೋಲಿನಲ್ಲಿ ಯಾರು ಬರೆದಿಟ್ಟರು? ಹಳ್ಳಿಯಲ್ಲಿ ಸಾವಾದರೆ ಊರೆಲ್ಲ ಸೇರಿ ಅತ್ತು, ಸತ್ತವನ ಗುಣಗಳನ್ನು ಹಾಡಿ, ಹಾಡಿದ್ದನ್ನು ಮತ್ತೆ ಹಾಡಿ ಹೊಟ್ಟೆಯ ಉರಿಯನ್ನು ಹೊರಗೆ ಹಾಕುತ್ತಿದ್ದರು. ಬೀಸುವ ಕಲ್ಲಿನ ಮುಂದೆ ಸೊಸೆಯ ಗೋಳೆಲ್ಲ ಹೊರಬರುತ್ತಿತ್ತು. ಲೈನಿನ ಬದುಕು ಅದನ್ನೆಲ್ಲ ಕಿತ್ತುಕೊಂಡಿದೆ. ಒಂದು ಗೋಡೆಯ ಈಚೆ ನಾವು, ಆಚೆ ಬೇರೆ ಭಾಷೆಯವರು. ಬೆಳಿಗ್ಗೆ ತೋಟ, ಸಂಜೆ ತೂಕ, ರಾತ್ರಿ ಆನೆಯ ಭಯ. ಅಳುವುದಕ್ಕೆ ಸಹ ರಜೆ ಬರೆಸಬೇಕು. ಹಳೆಯ ದಾರಿ ಮುಚ್ಚಿದ ಮೇಲೆ ಹೊಸ ದಾರಿ ಬೇಡವೆನ್ನುವುದು ಯಾವ ನ್ಯಾಯ?

ವಯನಾಡಿನ ವಿಷಯವನ್ನೇ ತೆಗೆದುಕೊಳ್ಳಿ. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯಿತಿಯ ಪುಂಚಿರಿಮಟ್ಟಂ, ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟ ಕುಸಿದು ಬಂತು. ಎಸ್ಟೇಟಿನ ಪಾಡಿಗಳು, ಅಂಗಡಿಗಳು, ಶಾಲೆ, ಸೇತುವೆ ಎಲ್ಲವೂ ಹೋದವು. ಸತ್ತವರು, ಕಾಣದೆ ಹೋದವರು ಸೇರಿ 250ಕ್ಕೂ ಮೀರಿದ ಜನ. ಚಾಮರಾಜನಗರ, ಮಂಡ್ಯದ ಕಡೆಯಿಂದ ಹೋಗಿ ಅಲ್ಲಿ ನೆಲೆಸಿದ್ದ ಕನ್ನಡದ ಕುಟುಂಬಗಳವರೂ ಅದರಲ್ಲಿ ಇದ್ದರು. ಅದಕ್ಕೆ ಮೊದಲು 2019ರ ಆಗಸ್ಟಿನಲ್ಲಿ ಹತ್ತಿರದ ಪುತ್ತುಮಲೆ ಕುಸಿದಿತ್ತು; 2020ರ ಆಗಸ್ಟಿನಲ್ಲಿ ಇಡುಕ್ಕಿಯ ಪೆಟ್ಟಿಮುಡಿಯಲ್ಲಿ ಮಲಗಿದ್ದ ತೋಟದ ಕೂಲಿಗಳ ಲೈನುಗಳ ಮೇಲೆ ಗುಡ್ಡ ಬಿದ್ದು 70 ಜನ ಹೋದರು.

ಮುಂಡಕ್ಕೈಯಲ್ಲಿ ಬದುಕಿ ಉಳಿದವರಿಗಾಗಿ ಕೇರಳ ಸರ್ಕಾರದ ಆರೋಗ್ಯ ಇಲಾಖೆಯು ಪರಿಹಾರ ಶಿಬಿರಗಳಿಗೆ ಅಕ್ಕಿ, ಬಟ್ಟೆ, ಔಷಧದ ಜೊತೆಗೆ ಸಮಾಲೋಚಕರ ತಂಡಗಳನ್ನೂ ಕಳುಹಿಸಿತು. ಅದನ್ನು ನೋಡಿ ನಕ್ಕವರಿದ್ದಾರೆ, ಮನೆ ಹೋದವರಿಗೆ ಮಾತು ಕೊಡಲು ಬಂದಿದ್ದಾರೆ ಎಂದು. ನಗುವ ಮೊದಲು ಅಲ್ಲಿ ಉಳಿದವರ ಸ್ಥಿತಿಯನ್ನು ತಿಳಿಯಬೇಕಿತ್ತು. ಅಂಥ ಅನಾಹುತದಿಂದ ಪಾರಾದವರಿಗೆ ಮಳೆ ಹೊಯ್ದರೆ ನಿದ್ರೆ ಹತ್ತುವುದಿಲ್ಲ. ಲಾರಿಯ ಸದ್ದಿಗೆ ಮಕ್ಕಳು ಬೆಚ್ಚಿ ಏಳುತ್ತಾರೆ. ತಾನು ಉಳಿದೆ, ಅವನು ಹೋದ, ಕೈ ಬಿಟ್ಟವನು ನಾನೇ ಎಂಬ ಒಂದೇ ಯೋಚನೆ ಹಗಲು ರಾತ್ರಿ ಕೊರೆಯುತ್ತದೆ. ಇದು ಹುಚ್ಚಲ್ಲ, ದೆವ್ವವೂ ಅಲ್ಲ. ದೊಡ್ಡ ಪೆಟ್ಟು ತಿಂದ ಮನಸ್ಸು ಆ ಪೆಟ್ಟು ಇನ್ನೂ ಬೀಳುತ್ತಿದೆ ಎಂದೇ ತಿಳಿಯುತ್ತದೆ. ಹೆಚ್ಚಿನವರಿಗೆ ತಮ್ಮವರ ಜೊತೆಯಿದ್ದರೆ ಕೆಲವು ತಿಂಗಳಲ್ಲಿ ಅದು ತಗ್ಗುತ್ತದೆ. ಕೆಲವರಿಗೆ ತಗ್ಗುವುದಿಲ್ಲ, ಅವರಿಗೆ ವರ್ಷಗಟ್ಟಲೆ ಸಹಾಯ ಬೇಕು. ಮನೆ ಬೇಡ ಮಾತು ಸಾಕು ಎಂದು ಯಾರೂ ಹೇಳಿಲ್ಲ. ಮನೆ ಕೊಟ್ಟರೂ ಆ ಮನೆಯೊಳಗೆ ಮಲಗಿ ನಿದ್ರೆ ಮಾಡಲಾರದವನ ವಿಷಯ ನಾವು ಹೇಳುತ್ತಿದ್ದೇವೆ.

ಆದರೆ ಇಲ್ಲಿ ಸರ್ಕಾರಗಳಿಗೂ ಒಂದು ಮಾತಿದೆ. ನಮ್ಮ ಜನ ಸಂತೆಯಲ್ಲಿ ಮಲಯಾಳ ಮಾತಾಡುತ್ತಾರೆ, ಗೂಡಲೂರು ಪಂದಲೂರಿನಲ್ಲಿ ತಮಿಳು ಮಾತಾಡುತ್ತಾರೆ, ರೈಟರ ಮುಂದೆ ಮೂರು ಭಾಷೆ ಕಲಸಿ ಮಾತಾಡಿ ಕೆಲಸ ಸಾಗಿಸುತ್ತಾರೆ. ಅದನ್ನು ನೋಡಿದ ಅಧಿಕಾರಿಗಳು, ಇವರಿಗೆ ಭಾಷೆ ಬರುತ್ತದಲ್ಲ ಎಂದು ಬರೆದುಕೊಂಡು ಹೋಗುತ್ತಾರೆ. ಅಕ್ಕಿಯ ಬೆಲೆ ಕೇಳುವ ಭಾಷೆ ಬೇರೆ, ಸತ್ತ ಮಗನ ಹೆಸರು ಹಿಡಿದು ಅಳುವ ಭಾಷೆ ಬೇರೆ. 'ಕರುಳು ಚುರುಕ್ ಅಂತದೆ' ಎಂಬುದನ್ನು ಯಾವ ಭಾಷೆಗೆ ತಿರುಗಿಸಿ ಹೇಳಬೇಕು? ಹತ್ತು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಾಯಿ ತನ್ನ ಗಂಡನಿಂದ ತಿಂದ ಏಟನ್ನು ಅವಳ ಬಾಯಿಂದ ಮಲಯಾಳಕ್ಕೆ ತರ್ಜುಮೆ ಮಾಡಿಸಬೇಕೇ? ಎರಡು ರಾಜ್ಯಗಳ ಗಡಿಯಲ್ಲಿ ಬದುಕುವವರಿಗೆ ಸಮಾಲೋಚನೆ ಎಂದರೆ ಅವರ ಮನೆಮಾತಿನಲ್ಲಿ ಸಮಾಲೋಚನೆ ಎಂದೇ ಅರ್ಥ. 2022ರ ಅಕ್ಟೋಬರ್ 10ರಂದು ಭಾರತ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಇದೆ. 14416 ಎಂಬ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿಗಾದರೂ, ಹಣವಿಲ್ಲದೆ ಫೋನು ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಇದು ಒಳ್ಳೆಯದೇ. ಆದರೆ ಸಿಗ್ನಲ್ ಹುಡುಕಲು ಗುಡ್ಡ ಹತ್ತಬೇಕಾದ ಲೈನಿಗೆ, ಒಂದೇ ಫೋನಿದ್ದು ಅದೂ ಗಂಡನ ಜೇಬಿನಲ್ಲಿರುವ ಮನೆಗೆ, ಆ ಸಂಖ್ಯೆಯೊಂದೇ ಸಾಲದು.

ಸಾಹುಕಾರರ ಕಾಯಿಲೆ ಎನ್ನುವವರಿಗೆ ಬಳ್ಳಾರಿಯಿಂದಲೇ ಉತ್ತರ ಕೊಡಬಹುದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಹಳ್ಳಿಯ ಬಡವರ ಮನಸ್ಸಿನ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ತೋರಿಸಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ರಾಯದುರ್ಗ, ಆದೋನಿಯ ನಮ್ಮ ಬಂಧುಗಳಿಗೆ ಇದು ಪಕ್ಕದ ಮನೆಯ ಕತೆ. ಗೋವೆಯಲ್ಲಿ ಸಂಗಾತ್ ಎಂಬ ಸಂಸ್ಥೆಯು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಮನೋವಿಜ್ಞಾನದ ಪದವಿ ಇಲ್ಲದ ಸ್ಥಳೀಯರನ್ನೇ ಆರಿಸಿ ತರಬೇತಿ ಕೊಟ್ಟು, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಮಾಲೋಚನೆಗೆ ಕೂರಿಸಿತು. ಭಾರವಾದ ಖಿನ್ನತೆಯಲ್ಲಿದ್ದವರೊಡನೆ ಅವರು ಆರರಿಂದ ಎಂಟು ಸಲ ಕೂತು ಮಾತಾಡಿದರು. 2016ರ ಕೊನೆಯಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಮೂರು ತಿಂಗಳ ಹೊತ್ತಿಗೆ ಹೀಗೆ ಸಮಾಲೋಚನೆ ಸಿಕ್ಕವರಲ್ಲಿ ನೂರಕ್ಕೆ 64 ಜನ ಚೇತರಿಸಿಕೊಂಡಿದ್ದರು. ಮಾಮೂಲು ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ 39 ಜನ. ಈ 64 ಜನ ಪಟ್ಟಣದ ಸಾಹುಕಾರರಲ್ಲ, ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತವರು.

ದೂರದ ಆಫ್ರಿಕದ ಜಿಂಬಾಬ್ವೆಯದೂ ಒಂದು ಸಂಗತಿ ಇದೆ, ನಮ್ಮ ಅಜ್ಜಿಯರಿಗೆ ಕೇಳಲು ಸಂತೋಷವಾದೀತು. ಡಿಕ್ಸನ್ ಚಿಬಾಂಡ ಎಂಬ ಮನೋವೈದ್ಯರು 2006ರಲ್ಲಿ ಹರಾರೆ ಪಟ್ಟಣದ ಎಂಬಾರೆ ಎಂಬ ಬಡವರ ಕೇರಿಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟರು. ಕೂರಲು ಕೋಣೆಯಿರಲಿಲ್ಲ, ಆದಕಾರಣ ಆಸ್ಪತ್ರೆಯ ಹೊರಗೆ ಮರದ ಬೆಂಚು ಹಾಕಿದರು. ಕಷ್ಟವಿದ್ದವರು ಬಂದು ಬೆಂಚಿನಲ್ಲಿ ಅಜ್ಜಿಯ ಪಕ್ಕ ಕೂತು ಹೇಳಿಕೊಳ್ಳುತ್ತಾರೆ. ಅಲ್ಲಿಯ ಜನ ತಮ್ಮ ಕಾಯಿಲೆಗೆ ಇಂಗ್ಲಿಷ್ ಹೆಸರು ಹೇಳುವುದಿಲ್ಲ, ತಮ್ಮ ಮಾತಿನಲ್ಲಿ 'ಯೋಚನೆ ಹೆಚ್ಚಾಗಿದೆ' ಎನ್ನುತ್ತಾರೆ. ನಮ್ಮ ಲೈನಿನಲ್ಲಿಯೂ ಅದೇ ಮಾತು ಅಲ್ಲವೇ? ಯೋಚನೆ ಹತ್ತಿದೆ, ಎದೆ ಭಾರ, ತಲೆ ಕೆಟ್ಟಿದೆ. 2016ರ ಹೊತ್ತಿಗೆ ಆ ಬೆಂಚುಗಳ ಕೆಲಸವನ್ನೂ ವೈದ್ಯರು ಪರೀಕ್ಷೆಗೆ ಹಚ್ಚಿ ನೋಡಿ, ಗುಣ ಕಾಣುತ್ತದೆಂದು ಬರೆದರು. ನಮ್ಮಲ್ಲಿ ಚಹಾ ಎಲೆ ಕಿತ್ತು ಕಿತ್ತು ಬೆನ್ನು ಬಾಗಿ ರಿಟೈರಾದ ತಾಯಂದಿರು ಎಷ್ಟು ಜನ ಇಲ್ಲ! ಬೆಂಚಿಗೇನು, ಬಡಗಿಗಳೂ ನಮ್ಮಲ್ಲೇ ಇದ್ದಾರೆ.

ಆದರೆ ಅಜ್ಜಿಯಾದ ಮಾತ್ರಕ್ಕೆ ಆಗುವುದಿಲ್ಲ, ಗುಟ್ಟು ಉಳಿಸಲು ಬರಬೇಕು. ಇಲ್ಲಿ ನಮ್ಮ ಸಭೆಗಳ ದೊಡ್ಡ ರೋಗವೊಂದನ್ನು ಹೇಳದೆ ಬಿಡುವ ಹಾಗಿಲ್ಲ. ಒಬ್ಬ ಸಹೋದರಿ ಕಣ್ಣೀರು ಹಾಕಿಕೊಂಡು ಮನೆಯ ವಿಷಯ ಹೇಳುತ್ತಾಳೆ. ಕೇಳಿದವರು ಅದನ್ನು 'ಪ್ರಾರ್ಥನೆಯ ವಿಷಯ' ಎಂದು ಬುಧವಾರದ ಕೂಟಕ್ಕೆ ತರುತ್ತಾರೆ. ಹೆಸರು ಹೇಳದೆ, ಆದರೆ ಎಷ್ಟನೆಯ ನಂಬರಿನ ಮನೆ ಎಂದು ಎಲ್ಲರಿಗೂ ತಿಳಿಯುವ ಹಾಗೆ, ಹತ್ತು ಜನರ ಮುಂದೆ ದೇವರಿಗೆ ಒಪ್ಪಿಸುತ್ತಾರೆ. ಗುರುವಾರ ಬೆಳಿಗ್ಗೆ ಮಸ್ಟರಿನಲ್ಲಿ ಮೇಸ್ತ್ರಿಗೂ ಗೊತ್ತು. ಆ ಸಹೋದರಿ ಇನ್ನು ಯಾವ ಬಾಯಿಂದ ಯಾರ ಹತ್ತಿರ ಹೇಳಿಕೊಂಡಾಳು? ದೇವರಿಗೆ ಗೊತ್ತಿರುವುದನ್ನು ದೇವರಿಗೆ ತಿಳಿಸುವ ನೆಪದಲ್ಲಿ ಲೈನಿಗೆಲ್ಲ ತಿಳಿಸುವುದಕ್ಕೆ ಪ್ರಾರ್ಥನೆಯೆಂಬ ಹೆಸರು ಸಲ್ಲದು, ಅದು ಚಾಡಿ. ಸಮಾಲೋಚನೆಯ ಮೊದಲನೆಯ ನಿಯಮವೇ ಕೇಳಿದ್ದು ಹೊರಗೆ ಹೋಗಬಾರದು ಎಂಬುದು. ಯಾರಾದರೊಬ್ಬರ ಪ್ರಾಣಕ್ಕೆ ಅಪಾಯವಿದೆ, ಅಥವಾ ಮಗುವಿಗೆ ಕೇಡಾಗುತ್ತಿದೆ ಎಂದಾದರೆ ಮಾತ್ರ, ಅದೂ ಕಾಪಾಡಬಲ್ಲವರಿಗೆ ಮಾತ್ರ ತಿಳಿಸಬೇಕು. ಈ ನಿಯಮವನ್ನು ಪಾಲಿಸುವ ಒಬ್ಬ ಅನ್ಯಮತದ ನರ್ಸು, ಪಾಲಿಸದ ಹತ್ತು ಜನ ಪ್ರಾರ್ಥನಾ ವೀರರಿಗಿಂತ ನಮಗೆ ಮೇಲು.

ಮಾತ್ರೆಗಳ ವಿಷಯವೂ ಇದಕ್ಕೆ ಸೇರಿದ್ದು. ಎಲ್ಲ ದುಃಖವೂ ಮಾತಿನಿಂದ ಇಳಿಯುವುದಿಲ್ಲ. ಇಲ್ಲದ ದನಿ ಕೇಳಿಸುವವರಿಗೆ, ವಾರಗಟ್ಟಲೆ ನಿದ್ರೆಯಿಲ್ಲದೆ ಅಲೆಯುವವರಿಗೆ, ಫಿಟ್ಸ್ ಬರುವವರಿಗೆ ವೈದ್ಯರೇ ಬೇಕು. ಒಳ್ಳೆಯ ಸಮಾಲೋಚಕರು ಇದನ್ನು ಬೇಗ ಗುರುತಿಸಿ ಕಳುಹಿಸುತ್ತಾರೆ. ಬಯಲಿನಿಂದ ಬಂದು ಮೂರು ದಿನದ ಉಪವಾಸ ಕೂಟ ನಡೆಸಿ, ದೆವ್ವ ಬಿಡಿಸುತ್ತೇನೆಂದು ಹೇಳಿ, ಮಾತ್ರೆಯ ಚೀಟಿ ಹರಿಸಿ, ಕಾಣಿಕೆ ಕಟ್ಟಿಕೊಂಡು ಹೋಗುವ ಪ್ರಸಂಗಿಗಳಿಗೆ ನಮ್ಮ ಲೈನುಗಳಲ್ಲಿ ಚಪ್ಪರ ಹಾಕಿಕೊಡಬಾರದು. ಸಕ್ಕರೆ ಕಾಯಿಲೆಗೆ ಇವರೇ ಮಾತ್ರೆ ನುಂಗುತ್ತಾರೆ, ನಾವು ಬಲ್ಲೆವು.

ಕುಡಿತದ ಬಗ್ಗೆ ನಮ್ಮಲ್ಲಿ ಪ್ರಸಂಗಕ್ಕೆ ಬರವಿಲ್ಲ. ಆದರೆ ಕುಡಿಯುವವನನ್ನು ಒಂದು ಸಲವಾದರೂ ಕೂರಿಸಿ, ನೀನು ಯಾವ ಹೊತ್ತಿಗೆ ಕುಡಿಯುತ್ತೀ, ಯಾವುದನ್ನು ಮರೆಯಲು ಕುಡಿಯುತ್ತೀ, ಕೂಲಿ ದಿನ ಯಾವ ದಾರಿಯಿಂದ ಮನೆಗೆ ಬರುತ್ತೀ ಎಂದು ಕೇಳಿದವರು ಎಷ್ಟು ಜನ? ಗೋವೆಯ ಅದೇ ಸಮಾಲೋಚಕರು ಮಿತಿಮೀರಿ ಕುಡಿಯುವ ಗಂಡಸರೊಡನೆ ನಾಲ್ಕು ಸಲದ ಒಳಗೆ ಇಂಥ ಮಾತುಕತೆ ನಡೆಸಿದರು. ಮೂರು ತಿಂಗಳಲ್ಲಿ ನೂರಕ್ಕೆ 36 ಜನರ ಕುಡಿತ ಅಪಾಯದ ಮಟ್ಟದಿಂದ ಇಳಿದಿತ್ತು. ಸಮಾಲೋಚನೆ ಇಲ್ಲದವರಲ್ಲಿ 26. ದೊಡ್ಡ ಅಂತರವಲ್ಲ, ಒಪ್ಪುತ್ತೇವೆ. ಆದರೂ ಆ ಹತ್ತು ಮನೆಗಳ ಹೆಂಗಸರನ್ನು ಕೇಳಿ ನೋಡಿ.

ಇನ್ನು ಹೇಳಲು ಕಷ್ಟವಾದ ವಿಷಯ. ನಮ್ಮ ತೋಟಗಳಲ್ಲಿ ತಮ್ಮ ಪ್ರಾಣವನ್ನು ತಾವೇ ತೆಗೆದುಕೊಂಡವರಿದ್ದಾರೆ, ಯತ್ನಿಸಿ ಉಳಿದವರೂ ಇದ್ದಾರೆ. ಉಳಿದವರನ್ನು ಪೊಲೀಸ್ ಕೇಸಿನ ಭಯದಿಂದ ಆಸ್ಪತ್ರೆಗೆ ತಡಮಾಡಿ ಒಯ್ಯುತ್ತಾರೆ, ವೈದ್ಯರಿಗೆ ಸುಳ್ಳು ಹೇಳುತ್ತಾರೆ. ಆ ಭಯ ಬೇಡ. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮಿನ ಪ್ರಕಾರ, ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಕೂಡದು, ಅವರ ಆರೈಕೆ ಸರ್ಕಾರದ ಹೊಣೆ. ಕಾನೂನು ಇಷ್ಟು ಕರುಣೆ ಕಲಿತ ಮೇಲೆ ಸಭೆ ಯಾಕೆ ಕಲಿಯಬಾರದು? ಕಥೋಲಿಕ ಸಭೆಯ 1917ರ ನಿಯಮಸಂಹಿತೆ ಇಂಥವರಿಗೆ ಸಭೆಯ ಶವಸಂಸ್ಕಾರವನ್ನು ನಿರಾಕರಿಸಿತ್ತು. 1983ರ ಸಂಹಿತೆಯಲ್ಲಿ ಆ ನಿಷೇಧ ಇಲ್ಲ. ರೋಮಿನಲ್ಲಿ ಹೋದದ್ದು ನಮ್ಮ ಕೆಲವು ಸ್ಮಶಾನಗಳಲ್ಲಿ ಹೋಗಿಲ್ಲ. ಬೇಲಿಯ ಪಕ್ಕದ ಮೂಲೆ, ಗಂಟೆಯಿಲ್ಲ, ಹಾಡಿಲ್ಲ, ಉಪದೇಶಿಗೆ ಅಂದೇ ಜ್ವರ. ಹೂಳಿದ ಮೇಲೆ ಅವನ ಹೆಂಡತಿ ಮಕ್ಕಳು ಲೈನಿನಲ್ಲಿ ಹೇಗೆ ತಲೆಯೆತ್ತಿ ನಡೆಯಬೇಕೆಂದು ಆ ಉಪದೇಶಿ ಯೋಚಿಸಿದ್ದಾನೆಯೇ? ಸತ್ತವನ ನ್ಯಾಯತೀರ್ಪು ದೇವರ ಕೈಯಲ್ಲಿದೆ. ಉಳಿದವರ ಸಮಾಧಾನ ನಮ್ಮ ಕೈಯಲ್ಲಿದೆ. ತೋಟಕ್ಕೆ ಹೊಡೆಯುವ ಔಷಧವನ್ನು ಮನೆಗೆ ತರದೆ ಸ್ಟೋರಿನಲ್ಲಿಯೇ ಬೀಗ ಹಾಕಿಡಬೇಕೆಂದು ಮ್ಯಾನೇಜ್‌ಮೆಂಟನ್ನು ಒತ್ತಾಯಿಸುವುದೂ ಈ ಸಮಾಧಾನದ ಕೆಲಸವೇ. ಒಂದು ರಾತ್ರಿ ಕೈಗೆ ವಿಷ ಸಿಗದೆ ಹೋದದ್ದರಿಂದ ಮಾತ್ರ ಉಳಿದು, ಆಮೇಲೆ ಚೆನ್ನಾಗಿ ಬಾಳಿದವರು ಅನೇಕರು.

ಮ್ಯಾನೇಜ್‌ಮೆಂಟ್ ಎಂದ ಕೂಡಲೇ ನಮ್ಮ ಸಂಘದ ಗೆಳೆಯರು ಒಂದು ಅನುಮಾನ ಎತ್ತುತ್ತಾರೆ, ಅದು ಸರಿಯಾದ ಅನುಮಾನ. ಸಂಬಳ ಹೆಚ್ಚಿಸು ಎಂದರೆ ಸಮಾಲೋಚಕರನ್ನು ಕಳುಹಿಸುತ್ತಾರೆ, ಸೋರುವ ಛಾವಣಿ ಸರಿಮಾಡು ಎಂದರೆ ಮನಸ್ಸನ್ನು ಶಾಂತವಾಗಿಟ್ಟುಕೊಳ್ಳಿ ಎನ್ನುತ್ತಾರೆ ಎಂಬುದು. 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನ ಚಹಾ ತೋಟದ ಹೆಂಗಸರು, ಇಳಿಸಿದ ಬೋನಸ್ಸನ್ನು ಮತ್ತೆ 20 ಶೇಕಡಕ್ಕೆ ಏರಿಸಬೇಕೆಂದು ರಸ್ತೆಯಲ್ಲಿ ಕೂತರು. ಸಂಘಗಳ ನಾಯಕರನ್ನೂ ದೂರ ನಿಲ್ಲಿಸಿ, ತಾವೇ ಮಾತಾಡಿ ಗೆದ್ದರು. ಆ ದಿನ ಯಾರಾದರೂ ಬಂದು, ತಾಯೀ ಉಸಿರನ್ನು ನಿಧಾನವಾಗಿ ಎಳೆದು ಬಿಡಿ, ಸಿಟ್ಟು ಇಳಿಯುತ್ತದೆ ಎಂದಿದ್ದರೆ ಅದು ಸಮಾಲೋಚನೆಯಲ್ಲ, ಮೋಸ. ನ್ಯಾಯವಾದ ಸಿಟ್ಟು ಕಾಯಿಲೆಯಲ್ಲ. ಮನೆ, ನೀರು, ಆಸ್ಪತ್ರೆ, ಶಿಶುವಿಹಾರಗಳ ಹೊಣೆಯನ್ನು 1951ರ ತೋಟ ಕಾರ್ಮಿಕರ ಕಾಯ್ದೆಯೇ ಮಾಲಿಕರ ಮೇಲೆ ಹೊರಿಸಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಹೊಸ ಸಂಹಿತೆ ಬಂದಿದೆ, ಹೆಸರು ಬದಲಾಗಿದೆ, ಹೊಣೆ ಕಳೆದಿಲ್ಲ. ಆದಕಾರಣ ಸಮಾಲೋಚಕರ ಪುಸ್ತಕ ಎಸ್ಟೇಟ್ ಆಫೀಸಿನ ಮೇಜಿಗೆ ಹೋಗಕೂಡದು. ಅವರ ಸಂಬಳವೂ ಆಫೀಸಿನಿಂದ ಬಾರದೆ ಆರೋಗ್ಯ ಇಲಾಖೆಯಿಂದ ಬಂದರೆ ವಾಸಿ. ಆದರೆ ಈ ಅನುಮಾನವನ್ನು ಹಿಡಿದು ಸಮಾಲೋಚನೆಯೇ ಬೇಡವೆನ್ನುವ ಗೆಳೆಯರಿಗೆ ಒಂದು ಪ್ರಶ್ನೆ. ಎದೆಯೊಡೆದು ಮೂಲೆ ಹಿಡಿದವನನ್ನು ನೀವು ಯಾವ ಮೆರವಣಿಗೆಗೆ ಕರೆದುಕೊಂಡು ಹೋಗುತ್ತೀರಿ?

ನಾವು ಕೇಳುವುದು ದೊಡ್ಡದೇನಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ನಮ್ಮ ಎಸ್ಟೇಟುಗಳಿಗೆ ಬರುವಾಗ ಕನ್ನಡ ಬಲ್ಲ ಒಬ್ಬರನ್ನು ಕರೆತರಬೇಕು, ಇಲ್ಲದಿದ್ದರೆ ನಮ್ಮಲ್ಲಿಯೇ ಆರಿಸಿ ತರಬೇತಿ ಕೊಡಬೇಕು. ಪ್ರತಿ ಡಿವಿಜನ್ನಿನಿಂದ ಇಬ್ಬರು ಹೆಂಗಸರು, ಒಬ್ಬ ಗಂಡಸು ಸಾಕು. ಚಾಡಿ ಹೇಳದವರು, ಯಾವ ಮತದವರಾದರೂ ಸರಿ. ಅವರು ತರಬೇತಿಗೆ ಹೋದ ದಿನದ ಕೂಲಿಯನ್ನು ನಮ್ಮ ಸಭೆಗಳ ಕಾಣಿಕೆಯಿಂದ ತುಂಬಿಕೊಡಬೇಕು. ಗಂಟೆಗೋಪುರಕ್ಕೆ ಬಣ್ಣ ಇನ್ನೊಂದು ವರ್ಷ ತಡವಾದರೆ ಆಕಾಶ ಬೀಳುವುದಿಲ್ಲ. ದೇವಾಲಯದ ಹಿಂದಿನ ಸಣ್ಣ ಕೋಣೆಯನ್ನು ವಾರಕ್ಕೆರಡು ಸಂಜೆ ತೆರೆದಿಡಬೇಕು, ಅದರ ಬಾಗಿಲು ಲೈನಿನ ಕಡೆಗೆ ಇರಬಾರದು.

ಇದಕ್ಕೆ ವಿರೋಧವಿರುವ ಹಿರಿಯರು ಬೆನ್ನ ಹಿಂದೆ ಮಾತಾಡುವುದನ್ನು ಬಿಟ್ಟು ಮುಂದಿನ ತಿಂಗಳ ಕೂಟಕ್ಕೆ ಬರಲಿ, ಎಲ್ಲರ ಮುಂದೆ ವಾದಿಸಲಿ. ಅವರ ಮಾತಿಗೆ ಹೊತ್ತು ಕೊಡುತ್ತೇವೆ. ಬರುವಾಗ ತಮ್ಮ ಮನೆಯ ಹೆಂಗಸರನ್ನೂ ಕರೆತರಲಿ, ಅವರಿಗೂ ಅಷ್ಟೇ ಹೊತ್ತು ಕೊಡುತ್ತೇವೆ.